ತವರಮನಿ ಕಲ್ಲಿನ ಸುಣ್ಣ

ಗೋಡೆಗೆ ಸುಣ್ಣ ಒರೆಸುವವರನ್ನು ಕಂಡರೆ ಯಮನೂರಸಾಬನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತು ವರ್ಷದಿಂದ ಬೋರ್ಡು ಬರೆಯುವ ಮನುಷ್ಯ. ಗಂಗಾವತಿ ಸೀಮೆಯಲ್ಲಿ ಸಾಲಿಯ ಗೋಡೆ, ರೇಷನ್ ಅಂಗಡಿಯ ಫಲಕ, ಪಂಚಾಯ್ತಿ ಕಟ್ಟೆ, ಯಾವುದಕ್ಕೆ ಅವನ ಕುಂಚ ತಾಗಿಲ್ಲ ಹೇಳಿ. ಬೆಳಿಗ್ಗೆ ಮುತ್ತಿನಂಥ ಅಕ್ಷರ ಬರೆದು ಸಂಜೆ ಬಂದು ನೋಡಿದರೆ, ಯಾರೋ ಪುಣ್ಯಾತ್ಮ ಎಲೆಗೆ ಹಚ್ಚಿ ಮಿಕ್ಕ ಸುಣ್ಣವನ್ನು ಆ ಅಕ್ಷರದ ಪಕ್ಕದಲ್ಲೇ ಎಳೆದು ಹೋಗಿರುತ್ತಿದ್ದ. ನಮ್ಮ ಕಡೆ ಎಲೆ ಅಡಿಕೆ ಹಾಕುವವರಿಗೆ ಬೆರಳಿನ ಸುಣ್ಣ ಒರೆಸಲು ಗೋಡೆ ಆದೀತು, ಕಂಬ ಆದೀತು, ಬಸ್ಸಿನ ಸೀಟಿನ ಬೆನ್ನೂ ಆದೀತು. ತಮ್ಮ ಬಟ್ಟೆ ಮಾತ್ರ ಆಗದು. ಹೀಗಾಗಿ ಅವನ ಚೀಲದಲ್ಲಿ ಕುಂಚದ ಜೊತೆ ಒಂದು ತಂತಿ ಬ್ರಷ್ಷು ಯಾವಾಗಲೂ ಇರುತ್ತಿತ್ತು. ಮೊದಲು ಉಜ್ಜುವುದು, ಆಮೇಲೆ ಬರೆಯುವುದು.

ಊರಿನವರ ಮಾತು ಹಾಗಿರಲಿ, ಮನೆಯಲ್ಲೇ ಒಬ್ಬಳಿದ್ದಳು. ಹೆಂಡತಿ ಲಾಲಬೀ. ಅನ್ನ ಬಿಟ್ಟಾಳು, ಎಲೆ ಅಡಿಕೆ ಬಿಡಳು. ಬಾಗಿಲ ಚೌಕಟ್ಟಿನ ಬಲಗಡೆ, ಎದೆಮಟ್ಟಕ್ಕೆ, ಅವಳದೊಂದು ಜಾಗ. ಅಲ್ಲಿ ದಿನಕ್ಕೆ ನಾಲ್ಕು ಸಲ ಕೈ ಒರೆಸಿದರೇ ಸಮಾಧಾನ. ಮದುವೆಯಾದ ವರ್ಷ ಕುಡುಗೋಲು ತಾಗಿ ಅವಳ ತೋರುಬೆರಳಿನ ತುದಿ ಹೋಗಿತ್ತು. ಹಾಗಾಗಿ ನಡುಬೆರಳನ್ನೂ ಸೇರಿಸಿ ಎರಡು ಬೆರಳಲ್ಲಿ ಸುಣ್ಣ ತೆಗೆಯುತ್ತಿದ್ದಳು, ಎರಡನ್ನೂ ಸೇರಿಸಿಯೇ ಗೋಡೆಗೆ ಎಳೆಯುತ್ತಿದ್ದಳು.

"ಇದು ಮನೀನೋ, ಎಲಿ ಅಂಗಡೀನೋ?" ಎಂದು ಅವನು ರೇಗುವನು.

"ಮನಿಯಾಗ ಯಾರೋ ಅದಾರ ಅನ್ನೂದರ ಕಾಣಬೇಕಲ್ರೀ," ಎಂದು ಅವಳು ಬಾಯಿತುಂಬ ಕೆಂಪಗೆ ನಗುವಳು.

ಪ್ರತಿ ರಂಜಾನಿಗೆ ಅವನು ಅದರ ಮೇಲೆ ಬಣ್ಣ ಬಳಿಯುವುದು, ಹಬ್ಬದ ಮರುದಿನವೇ ಅವಳು ಮತ್ತೆ ಎಳೆಯುವುದು. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು.

ಅವರ ಊರು ಗುಂಡಿನಹಾಳ. ಹನುಮನಹಳ್ಳಿಯ ಹಿಂದೆ, ಗುಡ್ಡಗಳ ಸಂದಿಯಲ್ಲಿ ಕೂತ ಅರವತ್ತು ಮನೆಯ ಊರು. ಮುಂದೆ ಕಾಲುವೆ ನೀರಿನ ಭತ್ತದ ಗದ್ದೆ, ಹಿಂದೆ ಒಂದರ ಮೇಲೊಂದು ಪೇರಿಸಿಟ್ಟ ಬಂಡೆಗಳು, ಅವುಗಳ ನಡುವೆ ಕಮರ, ಕಕ್ಕೆ, ಸೀತಾಫಲದ ಕಾಡು. ಆ ಗುಡ್ಡದಲ್ಲಿ ಕರಡಿ ಉಂಟು, ಚಿರತೆಯೂ ಉಂಟು. ಗಂಡಸರು ಅದನ್ನೇ ನೆಪ ಮಾಡಿಕೊಂಡು ಕೆಳಗೇ ಇರುತ್ತಿದ್ದರು. ಹೆಂಗಸರು ಮಾತ್ರ ಹತ್ತಿ ಹೋಗಿ ಒಣಕಟ್ಟಿಗೆ, ಕಸಬರಿಗೆಯ ಹುಲ್ಲು, ಕಾಲ ಬಂದಾಗ ಸೀತಾಫಲ ತಲೆಯ ಮೇಲೆ ಹೊತ್ತು ತರುತ್ತಿದ್ದರು. ಲಾಲಬೀ ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದಳು. ಜೊತೆಗೆ ಓಣಿಯ ಕೊನೆಮನೆಯ ಕರಿಯವ್ವ. ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವಳು. ಲಾಲಬೀಯನ್ನು ಅಕ್ಕ ಅನ್ನುತ್ತಿದ್ದಳು, ಯಮನೂರಸಾಬನನ್ನು ಮಾಮಾ ಅನ್ನುತ್ತಿದ್ದಳು.

ತಲೆಹೊರೆಯ ದಾರಿಗೆ ಒಂದು ಕಟ್ಟಳೆ ಇದೆ. ಹೊರೆಯನ್ನು ನೆಲಕ್ಕಿಳಿಸಿದರೆ ಮತ್ತೆ ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಅದಕ್ಕೇ ತಲೆಯ ಮಟ್ಟಕ್ಕಿರುವ ಕಲ್ಲು ನೋಡಿಕೊಂಡು ಅದರ ಮೇಲೆ ಹೊರೆ ಸರಿಸಿ, ದಣಿವಾರಿಸಿಕೊಂಡು, ಮತ್ತೆ ಹಾಗೇ ತಲೆಗೆ ಎಳೆದುಕೊಳ್ಳುತ್ತಾರೆ. ಗುಂಡಿನಹಾಳದ ಗುಡ್ಡದ ದಾರಿಯಲ್ಲಿ ಅಂಥ ಕಲ್ಲುಗಳು ನಾಲ್ಕು. ತೀರ ಮೇಲಿನದು ತವರಮನಿ ಕಲ್ಲು. ಅಲ್ಲಿ ತಂಪು ಗಾಳಿ, ಏಳು ಎನ್ನುವವರು ಯಾರೂ ಇಲ್ಲ. ಕೆಳಗೆ ಬಂದರೆ ಬುತ್ತಿಕಲ್ಲು, ರೊಟ್ಟಿ ಗಂಟು ಬಿಚ್ಚುವ ಜಾಗ. ಆಮೇಲೆ ಕುಳಿತ ಬೆಕ್ಕಿನಂತಿರುವ ಬೆಕ್ಕಿನ ಕಲ್ಲು. ಕೊನೆಯದು ಅತ್ತಿಕಲ್ಲು. ಅಲ್ಲಿಂದ ಊರಿನ ಹೊಗೆ ಕಾಣುತ್ತದೆ, ಅತ್ತೆ ಹೇಳಿದ ಮನೆಗೆಲಸವೆಲ್ಲ ನೆನಪಾಗುತ್ತದೆ, ಅದಕ್ಕೆ ಆ ಹೆಸರು.

ಇಷ್ಟೆಲ್ಲ ಯಮನೂರಸಾಬನಿಗೆ ಗೊತ್ತಿದ್ದುದು ಲಾಲಬೀಯ ಬಾಯಿಂದ. ಸಂಜೆ ಅವನು ಉಣ್ಣಲು ಕುಳಿತರೆ ಅವಳು ಎದುರು ಕುಳಿತು ಆ ದಿನದ ದಾರಿಯನ್ನೆಲ್ಲ ಹೇಳುವಳು. ಬೆಕ್ಕಿನ ಕಲ್ಲಿನ ಹತ್ತಿರ ನವಿಲು ಮರಿ ಮಾಡಿದೆ, ಬುತ್ತಿಕಲ್ಲಿನ ಬಳಿ ಕರಡಿ ಹುತ್ತ ಕೆದರಿದೆ. ಅವನು ಮೊಬೈಲ್ ನೋಡುತ್ತ "ಹೂಂ" ಅನ್ನುವನು.

"ಒಮ್ಮಿ ಬರ್ರಿ ನನ್ನ ಸಂಗಾಟ. ತವರಮನಿ ಕಲ್ಲು ತೋರಸ್ತೀನಿ."

"ನೋಡೂಣು ತಗೋ."

ನೋಡಲಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಇವನ ಬೆಟ್ಟ ಹಿತ್ತಲಲ್ಲೇ ಇತ್ತು, ನುಣ್ಣಗಿದೆಯೋ ಒರಟಾಗಿದೆಯೋ ಹೋಗಿ ನೋಡುವ ಮನಸ್ಸು ಮಾತ್ರ ಬರಲಿಲ್ಲ.

ಹೋದ ಮಾಘದಲ್ಲಿ ಲಾಲಬೀಗೆ ಮೂರು ದಿನ ಜ್ವರ ಬಂತು. ನಾಲ್ಕನೆಯ ದಿನ ಬೆಳಿಗ್ಗೆ ಏಳಲಿಲ್ಲ.

ಯಮನೂರಸಾಬ ಅಳಲಿಲ್ಲ. ಮಣ್ಣು ಕೊಟ್ಟು ಬಂದ, ಕೈಕಾಲು ತೊಳೆದುಕೊಂಡ, ಯಾರೋ ಚಹಾ ಕೊಟ್ಟರು, ಕುಡಿದ. ಅದರಲ್ಲಿ ಸಕ್ಕರೆ ಇತ್ತೋ ಇಲ್ಲವೋ ತಿಳಿಯಲಿಲ್ಲ. ಕೆಲವರು ಗಟ್ಟಿ ಮನುಷ್ಯ ಅಂದರು, ಕೆಲವರು ಕಲ್ಲು ಅಂದರು. ಅವನು ಎರಡೂ ಅಲ್ಲ. ಒಳಗೆ ಏನೋ ಜೋಮು ಹಿಡಿದಿತ್ತು, ಕಾಲಿನ ಮೇಲೆ ಬಹಳ ಹೊತ್ತು ಕುಳಿತು ಎದ್ದಾಗ ಆಗುತ್ತದಲ್ಲ, ಹಾಗೆ. ಕಾಲಾದರೆ ಕೊಡವಿದರೆ ಬಿಡುತ್ತದೆ. ಇದು ಎಲ್ಲಿ ಹಿಡಿದಿದೆ ಎಂದೇ ಅವನಿಗೆ ಗೊತ್ತಾಗಲಿಲ್ಲ.

ನಲವತ್ತನೆಯ ದಿನಕ್ಕೆ ನೆಂಟರು ಬರುತ್ತಾರೆಂದು ಮನೆಗೆ ತಾನೇ ಬಣ್ಣ ಬಳಿದ. ಬಾಗಿಲ ಪಕ್ಕದ ಜಾಗವನ್ನು ಎಂದಿನಂತೆ ಮೊದಲು ತಂತಿ ಬ್ರಷ್ಷಿನಿಂದ ಉಜ್ಜಿದ, ಆಮೇಲೆ ಎರಡು ಕೋಟು ತಿಳಿಹಸಿರು ಹೊಡೆದ. ಲಾಲಬೀಯ ಸೀರೆಗಳನ್ನು ಬಡವರಿಗೆ ಕೊಟ್ಟರು. ಎಲೆ ಅಡಿಕೆಯ ಸಂಚಿಯನ್ನು ಕುಷ್ಟಗಿಗೆ ಮದುವೆ ಮಾಡಿಕೊಟ್ಟ ಮಗಳು ಮೆಹಜಬೀನ ಕಣ್ಣಿಗೊತ್ತಿಕೊಂಡು ಒಯ್ದಳು. ನೆಂಟರೆಲ್ಲ ಹೋದ ಮೇಲೆ ಅವನು ಬಾಗಿಲಲ್ಲಿ ನಿಂತು ನೋಡಿದ. ಬಾಡಿಗೆಗೆ ಕೊಡಲು ಸಿದ್ಧಮಾಡಿದ ಕೋಣೆಯ ಹಾಗಿತ್ತು ಮನೆ. ಅವಳದೆಂದು ಉಳಿದದ್ದು ಓಟಿನ ಚೀಟಿಯ ಫೋಟೋ ಒಂದು. ಅದರಲ್ಲಿ ಯಾರೋ ಬೈದು ಕೂರಿಸಿದವಳಂತೆ ಬಿಗಿದುಕೊಂಡಿದ್ದಳು, ಅದು ಲಾಲಬೀಯೇ ಅಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ. ಆದರೆ ಆಗಲೂ ಅವನ ಕಣ್ಣು ಒಣಗಿಯೇ ಇತ್ತು.

ಲಾಲಬೀ ಹೋಗಿ ಎಂಟು ತಿಂಗಳಾದ ಮೇಲೆ ಅಮೃತಾ ಬಂದಳು. ಕೊಪ್ಪಳದ ಪ್ರವಾಸೋದ್ಯಮ ಕಚೇರಿಯ ಹುಡುಗಿ. ಅಂಜನಾದ್ರಿಗೆ ಬರುವ ಜನ ಸುತ್ತಲ ಗುಡ್ಡಗಳಲ್ಲೂ ನಡೆದಾಡಲೆಂದು ದಾರಿ ಗುರುತು ಮಾಡಿಸುವ ಕೆಲಸ ಅವಳದು. ಮೊಬೈಲಿನಲ್ಲಿ ನಕ್ಷೆ ತೋರಿಸಿದಳು.

"ಇದು ನಿಮ್ಮೂರ ಹೆಣ್ಮಕ್ಕಳು ಕಟ್ಟಿಗಿಗೆ ಹೋಗೋ ದಾರಿರಿ, ಕಾಕಾ. ನಾಕು ದೊಡ್ಡ ಕಲ್ಲದಾವು. ನಾಕಕ್ಕೂ ಒಂದೊಂದು ಬಿಳಿ ಸುತ್ತು, ಒಳಗ ಕೆಂಪು ಬಾಣ. ಕಲ್ಲು ಛಲೋತ್ನಾಗಿ ಉಜ್ಜಿ ಹಚ್ಚಬೇಕ್ರಿ, ಇಲ್ಲಾಂದ್ರ ಬಣ್ಣ ಕೂರಂಗಿಲ್ಲ."

"ಉಜ್ಜೂದು ನನಗ ಹೇಳಬ್ಯಾಡವ್ವ," ಅಂದ ಯಮನೂರಸಾಬ.

ಅವನು ಒಪ್ಪಿದ್ದು ಕೂಲಿಗಲ್ಲ. ಆ ದಾರಿಯಲ್ಲಿ ಇಪ್ಪತ್ತೆಂಟು ವರ್ಷ ಅವಳು ನಡೆದಿದ್ದಾಳೆ. ಮನೆಯಲ್ಲಿ ಇಲ್ಲದವಳು ಅಲ್ಲಿ ಎಲ್ಲಾದರೂ ಇದ್ದಾಳು, ಒಂದು ಕಲ್ಲಿನ ಹತ್ತಿರವಾದರೂ ಎದೆಯೊಳಗಿನ ಜೋಮು ಬಿಟ್ಟೀತು ಅನ್ನುವ ಆಸೆ. ಇಂಥ ಆಸೆಯನ್ನು ಬಾಯಿಬಿಟ್ಟು ಹೇಳಿದರೆ ಜನ ನಕ್ಕಾರೆಂದು ಯಾರಿಗೂ ಹೇಳಲಿಲ್ಲ.

ಮೊದಲ ದಿನ ಬಣ್ಣದ ಡಬ್ಬಿ, ನೀರಿನ ಬಾಟಲಿ ಹಿಡಿದು ಒಬ್ಬನೇ ಹತ್ತಿದ. ಹಾದಿ ಎಂದರೆ ಒಂದು ಮೊಳ ಅಗಲ. ಬಂಡೆಗಳ ನಡುವೆ ನುಸುಳಿ, ಬಂದರಿ ಗಿಡಗಳನ್ನು ಸರಿಸಿಕೊಂಡು ಹೋಗಬೇಕು. ಹೆಂಗಸರ ಪಾದ ತಿಕ್ಕಿ ತಿಕ್ಕಿ ಕೆಲವು ಕಡೆ ಕಲ್ಲೇ ನುಣುಪಾಗಿತ್ತು. ಅದರ ಮೇಲೆ ಅವನ ಚಪ್ಪಲಿ ಜಾರಿತು. ಅತ್ತಿಕಲ್ಲು ಬಂತು. ತಿರುಗಿ ನೋಡಿದರೆ ಊರಿನ ಹೊಗೆ, ಅವಳು ಹೇಳಿದ ಹಾಗೆಯೇ. ಸ್ವಲ್ಪ ಹೊತ್ತು ನಿಂತ. ಏನೂ ಅನ್ನಿಸಲಿಲ್ಲ. ಕಲ್ಲಿನ ಮೇಲ್ಭಾಗ ಸೂರಿನಂತೆ ಮುಂದೆ ಚಾಚಿತ್ತು. ಅದರ ಕೆಳಗೆ, ಮಳೆ ತಾಗದ ಜಾಗದಲ್ಲಿ, ಸುಣ್ಣದ ಗೆರೆಗಳು ಒಂದರ ಮೇಲೊಂದು ಮೆತ್ತಿಕೊಂಡಿದ್ದವು.

"ಗುಡ್ಡಾನೂ ಬಿಡಲಿಲ್ಲಲ್ಲ ಇವ್ರು," ಎಂದು ಗೊಣಗಿ ತಂತಿ ಬ್ರಷ್ಷು ತೆಗೆದ. ಅರ್ಧ ಗಂಟೆ ಉಜ್ಜಿದ. ಕಲ್ಲು ತೊಳೆದ ತಾಟಿನಂತೆ ಆಯಿತು. ಅದರ ಮೇಲೆ ದುಂಡಗೆ ಬಿಳಿ ಸುತ್ತು ಬರೆದು ಒಳಗೆಲ್ಲ ಬಿಳಿ ತುಂಬಿದ, ನಡುವೆ ಕೆಂಪು ಬಾಣ ಹಾಕಿದ. ಕೈ ಮಾತ್ರ ಎಂದಿನಂತೆ ನೇರ ಇತ್ತು.

ಮಧ್ಯಾಹ್ನ ಬೆಕ್ಕಿನ ಕಲ್ಲು. ಅಲ್ಲೂ ಸುಣ್ಣ, ಅಲ್ಲೂ ಬೈಗುಳ, ಅಲ್ಲೂ ಬ್ರಷ್ಷು. ನವಿಲಿರಲಿಲ್ಲ. ಎರಡನೆಯ ದಿನ ಬುತ್ತಿಕಲ್ಲು. ಅಲ್ಲಿ ಕುಳಿತು ತಾನು ತಂದ ರೊಟ್ಟಿ ತಿಂದ. ಇಲ್ಲೇ ಅವಳೂ ತಿನ್ನುತ್ತಿದ್ದಳು ಅಂದುಕೊಂಡ. ಅಂದುಕೊಂಡದ್ದು ತಲೆಯಲ್ಲೇ ಉಳಿಯಿತು, ಎದೆಗೆ ಇಳಿಯಲಿಲ್ಲ. ಎದ್ದು ಬಾಯಿ ಮುಕ್ಕಳಿಸಿ, ಕಲ್ಲು ಉಜ್ಜಿ, ಸುತ್ತು ಬರೆದು ಇಳಿದ. ಮೂವತ್ತು ವರ್ಷ ಕಲೆ ತೆಗೆದವನು. ಕಲೆ ಕಂಡರೆ ಕಲೆ ಅಷ್ಟೇ, ಅದರ ಆಕಾರ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಕಣ್ಣಿದ್ದೂ ಕುರುಡ ಅನ್ನಲು ನನಗೂ ಮನಸ್ಸಿಲ್ಲ, ಆದರೆ ಬೇರೆ ಏನನ್ನಲಿ?

ಮೂರನೆಯ ದಿನ ಅಮೃತಾಳೂ ಬಂದಳು, ಕರಿಯವ್ವನೂ ಬಂದಳು. ಬುತ್ತಿಕಲ್ಲಿನಾಚೆ ದಾರಿ ಕವಲೊಡೆಯುತ್ತದೆ, ಒಂದು ಕವಲು ಕರಡಿಯ ಗವಿಗೆ ಹೋಗುತ್ತದೆ. ಸರಿಯಾದದ್ದನ್ನು ತೋರಿಸಲು ಕರಿಯವ್ವನೇ ಬೇಕಿತ್ತು. ಹೇಗೂ ಬಂದಿದ್ದೇನೆಂದು ಅವಳು ಕುಡುಗೋಲು, ಹಗ್ಗ, ಸಿಂಬಿಯ ಬಟ್ಟೆಯನ್ನೂ ತಂದಿದ್ದಳು.

ಅತ್ತಿಕಲ್ಲಿನ ಹತ್ತಿರ ಅವಳು ನಿಂತು ಬಿಳಿ ಸುತ್ತನ್ನು ನೋಡಿದಳು. ಬೆಕ್ಕಿನ ಕಲ್ಲಿನ ಹತ್ತಿರವೂ ನಿಂತಳು. ಬುತ್ತಿಕಲ್ಲಿಗೆ ಬಂದಾಗ ಬಗ್ಗಿ ಕಲ್ಲಿನ ಸೂರಿನ ಕೆಳಗೆ ಕೈಯಾಡಿಸಿ ನೋಡಿದಳು.

"ಮಾಮಾ, ಇಲ್ಲಿ ಸುಣ್ಣ ಇತ್ತಲ್ಲ?"

"ಇತ್ತು. ಉಜ್ಜಿ ತಗದೆ. ಎಂಥಾ ಹೆಣ್ಮಕ್ಕಳವ್ವ ನೀವು."

"ಅತ್ತಿಕಲ್ಲಿಂದೂ ತಗದ್ರಿ?"

"ಮೂರೂದೂ ತಗದೆ. ಯಾಕ?"

ಕರಿಯವ್ವ ಅಲ್ಲೇ ಕುಕ್ಕರಗಾಲಲ್ಲಿ ಕುಳಿತಳು. ಹೇಳಲೋ ಬೇಡವೋ ಎಂದು ಸಿಂಬಿಯ ಬಟ್ಟೆಯನ್ನು ಸುತ್ತಿದಳು, ಬಿಚ್ಚಿದಳು.

"ಹೊರಿ ಇಳಿಸಿ ಎಲಿ ಹಾಕ್ಕೊಂತಿದ್ವಿ, ಮಾಮಾ. ಈ ದಾರಿಗೆ ಎಲಿ ಹಾಕೋರು ನಾವಿಬ್ಬರ. ನಂದು ಒಂದ ಗೆರಿ. ಅಕ್ಕಂದು ಜೋಡಿ ಗೆರಿ, ಒಂದು ಉದ್ದಂದು, ಬಾಜೂಕ ಗಿಡ್ಡಂದು. ಆಕಿ ಬೆರಳು ಮೋಟ ಇತ್ತಲ್ಲ. ನಾ ಈಗ ಒಬ್ಬಾಕಿ ಬರ್ತೀನಿ ನೋಡ್ರಿ, ಕಲ್ಲಿಗೆ ಹೊರಿ ಇಟ್ಟು ಅದನ್ನ ನೋಡ್ಕೊಂತ ಕುಂದರ್ತಿದ್ದೆ. ಅಕ್ಕ ಇಲ್ಲೆ ಎಲ್ಲೋ ಹುಲ್ಲು ಕೊಯ್ಯಾಕ ಹೋಗ್ಯಾಳ ಅನಸ್ತಿತ್ತು."

ಯಮನೂರಸಾಬ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ನಿನ್ನೆಯ ಬಿಳಿ ಪುಡಿ ಇನ್ನೂ ಇತ್ತು. ಅವಳನ್ನು ಹುಡುಕಲು ಬಂದವನು ಅವಳನ್ನೇ ಉಜ್ಜಿ ಉದುರಿಸಿದ್ದ. ಮನೆಯಲ್ಲಿ ಒಮ್ಮೆ, ಇಲ್ಲಿ ಮೂರು ಸಲ. ಎದೆ ಬಡಿದುಕೊಂಡು ಅಳಬೇಕಾದ ಹೊತ್ತು ಅದು. ಅಳು ಬರಲಿಲ್ಲ. ಕಿವಿಯಲ್ಲಿ ತಂತಿ ಬ್ರಷ್ಷು ಕಲ್ಲಿಗೆ ತಿಕ್ಕಿದ ಕರಕರ ಸದ್ದು ಮಾತ್ರ ಕೇಳುತ್ತಿತ್ತು.

"ನಡೀರಿ," ಅಂದ. "ಇನ್ನೂ ಒಂದು ಕಲ್ಲೈತಿ."

ತವರಮನಿ ಕಲ್ಲು ಗುಡ್ಡದ ನೆತ್ತಿಗಿಂತ ಸ್ವಲ್ಪ ಕೆಳಗೆ, ಕಮರದ ಮರಗಳ ನಡುವೆ ಇತ್ತು. ನಿಜಕ್ಕೂ ಅಲ್ಲಿ ಗಾಳಿ ತಂಪು. ಅವನು ಗಾಳಿ ನೋಡಲಿಲ್ಲ, ನೇರ ಕಲ್ಲಿನ ಸೂರಿನ ಕೆಳಗೆ ಬಗ್ಗಿದ. ಅಲ್ಲಿದ್ದವು. ಒಂಟಿ ಗೆರೆಗಳು ಒಂದು ಕಡೆ. ಇನ್ನೊಂದು ಕಡೆ ಜೋಡಿ ಗೆರೆಗಳು, ಉದ್ದ ಗಿಡ್ಡ, ಉದ್ದ ಗಿಡ್ಡ, ಹಳೆಯವು ಹಳದಿಗಟ್ಟಿ, ಹೊಸವು ಬೆಳ್ಳಗೆ. ಅವಳು ನಿಂತು ಕೈ ಚಾಚಿದರೆ ತಾಗುವಷ್ಟೇ ಎತ್ತರದಲ್ಲಿ. ಅವನ ಮನೆಯ ಬಾಗಿಲ ಪಕ್ಕ ಇದ್ದ ಎತ್ತರವೂ ಇಷ್ಟೇ.

ಯಮನೂರಸಾಬ ಚೀಲ ಕೆಳಗಿಟ್ಟು, ಪಕ್ಕದಲ್ಲಿದ್ದ ಮೊಣಕಾಲೆತ್ತರದ ಬೇರೊಂದು ಗುಂಡುಕಲ್ಲನ್ನು ಉಜ್ಜತೊಡಗಿದ.

"ಕಾಕಾ, ಅದಲ್ರಿ," ಅಂದಳು ಅಮೃತಾ. "ದೊಡ್ಡ ಕಲ್ಲಿಗೆ ಬರೀಬೇಕು. ದೂರದಿಂದ ಕಾಣೂದು ಅದ. ನಕ್ಷೆದಾಗೂ ಅದ ಐತಿ."

"ಅದರ ಮ್ಯಾಲ ಆಗ್ಲೇ ಬರದೈತ್ರಿ."

"ಯಾರು ಬರದಾರ?"

"ನಮ್ಮ ಮನಿಯಾಕಿ."

ಅಮೃತಾ ಬಗ್ಗಿ ನೋಡಿದಳು. "ಇದು ಸುಣ್ಣ ಅಲ್ಲೇನ್ರಿ?"

"ಹೌದ್ರಿ, ಸುಣ್ಣ."

ಅವಳು ಕರಿಯವ್ವನ ಮುಖ ನೋಡಿದಳು. ಕರಿಯವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಅಮೃತಾ ಮೊಬೈಲು ತೆಗೆದು ಏನೋ ತಿದ್ದಿದಳು.

"ಆಯ್ತು, ಸಣ್ಣದಕ್ಕ ಬರೀರಿ. ಸಾಹೇಬ್ರು ಕೇಳಿದ್ರ ದೊಡ್ಡ ಕಲ್ಲಿಗೆ ಬಣ್ಣ ಕೂರಲಿಲ್ಲ ಅಂತೀನಿ. ಆದ್ರ ಕಾಕಾ, ನಾಳೆ ಬಂದ ಜನ ಕೈ ಹಚ್ಚಿದ್ರ, ಹೆಸರು ಕೆತ್ತಿದ್ರ, ನಾ ಏನೂ ಮಾಡಾಕ ಆಗಂಗಿಲ್ಲ."

"ಗೊತ್ತೈತಿ ಬಿಡವ್ವ."

ಸಣ್ಣ ಕಲ್ಲಿಗೆ ಸಣ್ಣ ಸುತ್ತು ಬರೆದ. ಅಮೃತಾ ಫೋಟೋ ತೆಗೆದುಕೊಂಡು ಆಚೆಯ ದಾರಿಯಿಂದ ಹನುಮನಹಳ್ಳಿಗೆ ಇಳಿದಳು. ಅಷ್ಟರಲ್ಲಿ ಕರಿಯವ್ವ ಹುಲ್ಲು ಕೊಯ್ದು ಹೊರೆ ಕಟ್ಟಿ ತವರಮನಿ ಕಲ್ಲಿನ ಮೇಲೆ ಇಟ್ಟಿದ್ದಳು. ಅವಳು ಸಿಂಬಿ ಸುತ್ತಿಕೊಳ್ಳುವಾಗ ಯಮನೂರಸಾಬ ಕೈ ಚಾಚಿದ.

"ಕೊಡಿಲ್ಲೆ. ನಾ ಹೊರ್ತೀನಿ."

"ನೀವು? ಗಂಡಸರು ತಲಿ ಮ್ಯಾಲ ಹೊತ್ರ ಊರಾಗ ನಗ್ತಾರ್ರೀ ಮಾಮಾ."

"ನಗಲಿ ಬಿಡು."

ಹೊರೆಯೆಂದರೆ ಏನೆಂದು ಅವನಿಗೆ ಹತ್ತು ಹೆಜ್ಜೆಯಲ್ಲೇ ಗೊತ್ತಾಯಿತು. ಕುತ್ತಿಗೆ ಒಳಕ್ಕೆ ಕುಸಿಯಿತು. ಕಣ್ಣಿಗೆ ದಾರಿ ಕಾಣದು, ಪಾದಕ್ಕೆ ಮಾತ್ರ ತಿಳಿಯಬೇಕು. ನಿಂತಲ್ಲೇ ಚಪ್ಪಲಿ ಕಳಚಿದ, ಬಣ್ಣದ ಚೀಲ ಹಿಡಿದಿದ್ದ ಕರಿಯವ್ವ ಅವನ್ನು ಎತ್ತಿ ಅದರೊಳಗೆ ಹಾಕಿಕೊಂಡಳು. ಬರಿಗಾಲಿಗೆ ಆ ನುಣುಪು ಕಲ್ಲು ಜಾರಲಿಲ್ಲ. ಬುತ್ತಿಕಲ್ಲಿಗೆ ಹೊರೆ ಸರಿಸಿ ನಿಂತಾಗ ಮುಖದ ಎದುರಿಗೇ ಅವನು ಬರೆದ ಬಿಳಿ ಸುತ್ತು. ಬೆಕ್ಕಿನ ಕಲ್ಲಿನಲ್ಲೂ ಅದೇ. ದಣಿದು ನಿಂತವಳಿಗೆ ಕಾಣುವುದು ಇದೊಂದೇ ಜಾಗ; ಇಪ್ಪತ್ತೆಂಟು ವರ್ಷ ಅವಳು ನೋಡಿದ್ದು ಇಷ್ಟಗಲದ ಕಲ್ಲು.

ಅತ್ತಿಕಲ್ಲಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಅವನು ಹೊರೆ ಸರಿಸಿ ಕಲ್ಲಿಗೊರಗಿದ. ಕರಿಯವ್ವ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಮಡಿಸಿ ಬಾಯಿಗಿಟ್ಟುಕೊಂಡಳು. ಬೆರಳಲ್ಲಿ ಮಿಕ್ಕ ಸುಣ್ಣದೊಂದಿಗೆ ಕೈ ತಾನಾಗಿ ಕಲ್ಲಿನತ್ತ ಹೋಯಿತು. ಬಣ್ಣದ ಸುತ್ತಿನ ಹತ್ತಿರ ಬಂದು ಗಕ್ಕನೆ ನಿಂತಿತು. ಎಲ್ಲಿ ಒರೆಸಬೇಕೆಂದು ತಿಳಿಯದೆ ಅವಳು ಬೆರಳು ಎತ್ತಿ ಹಿಡಿದುಕೊಂಡೇ ಇದ್ದಳು.

"ಒರಸು," ಅಂದ ಯಮನೂರಸಾಬ.

"ಬಣ್ಣ ಕೆಡತೈತಿ, ಮಾಮಾ."

"ಕೆಡಲಿ. ಒರಸವ್ವ."

ಕರಿಯವ್ವ ಬಿಳಿ ಸುತ್ತಿನ ಮೇಲೆ ಒಂದು ಗೆರೆ ಎಳೆದಳು. ಬಿಳಿ ಬಣ್ಣದ ಮೇಲೆ ಬಿಳಿ ಸುಣ್ಣ ಕಾಣಲೇ ಇಲ್ಲ. ಅವನು ಬಗ್ಗಿ, ಮುಖ ಹತ್ತಿರ ಒಯ್ದು ಹುಡುಕಿದ. ಬೆರಳಿಟ್ಟು ಹುಡುಕಿದ. ಮೂವತ್ತು ವರ್ಷ ಅಳಿಸಿದ ಕೈ, ಈಗ ಒಂದು ಗೆರೆ ಸಿಗಲೆಂದು ಕಲ್ಲನ್ನು ಸವರುತ್ತಿತ್ತು.

"ಕಾಣವಲ್ದು, ಕರಿಯವ್ವ," ಅಂದ. "ಕಾಣವಲ್ದಲ್ಲವ್ವ..."

ಕರಿಯವ್ವ ಬಾಯಲ್ಲಿದ್ದ ಎಲೆಯನ್ನು ಅಗಿಯದೆ ಪಕ್ಕಕ್ಕೆ ಬಂದು ನಿಂತಳು. ಕೆಳಗೆ ಊರಲ್ಲಿ ಮನೆಮನೆಯಿಂದ ಒಲೆಯ ಹೊಗೆ ಎದ್ದಿತ್ತು. ಅವನ ಮನೆಯ ಮೇಲೆ ಹೊಗೆ ಇರಲಿಲ್ಲ. ಯಮನೂರಸಾಬ ಹೊರೆಯ ಹುಲ್ಲಿಗೆ ಮುಖ ಒತ್ತಿ, ಎಂಟು ತಿಂಗಳ ಮೇಲೆ, ಹೆಂಡತಿಗಾಗಿ ಅತ್ತ.